ವಿಲ್ಮಾ ಬಾಂಕಿ: ಟಾಕಿ ಬಂದು ಸೋತಳಾ, ತಾನೇ ಎದ್ದು ಹೋದಳಾ?

ಶರಾವತಿ ದಂಡೆ
ಹೋದ ಭಾನುವಾರ ಅಮ್ಮನ ಜೊತೆ ಕೂತು ಒಂದು ಮೂಕಿ ಸಿನಿಮಾ ನೋಡಿದೆ. 1925ರ ‘ದಿ ಈಗಲ್’. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ತೆರೆ ಮೇಲೆ ಅಕ್ಷರದ ಹಲಗೆ ಬಂದಾಗೆಲ್ಲ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಧ ಗಂಟೆ ಆದ ಮೇಲೆ ಅಮ್ಮ “ಸುಮ್ನಿರೇ, ನಂಗೆ ಗೊತ್ತಾಗ್ತಿದೆ” ಅಂದರು. ಆಮೇಲೆ ಕೊನೆ ತನಕ ನಾನು ಬಾಯಿ ತೆರೆಯಲಿಲ್ಲ.

ನಾಯಕ ರುಡಾಲ್ಫ್ ವ್ಯಾಲೆಂಟಿನೋ. ಹೆಸರು ಕೇಳಿದ್ದೆ. ನಾಯಕಿ ವಿಲ್ಮಾ ಬಾಂಕಿ ಯಾರು ಅಂತ ಗೊತ್ತಿರಲಿಲ್ಲ. ಹಂಗೇರಿಯವಳಂತೆ. ಹುಡುಕಿದರೆ ಎಲ್ಲಾ ಕಡೆ ಒಂದೇ ಮಾತು: ಚೆಲುವೆ, ದೊಡ್ಡ ತಾರೆ, ಟಾಕಿ (ಮಾತಾಡುವ ಸಿನಿಮಾ) ಬಂತು, ಇಂಗ್ಲಿಷ್ ಉಚ್ಚಾರಣೆ ಕೆಟ್ಟದಾಗಿತ್ತು, ಮನೆಗೆ ಹೋದಳು. ಎರಡು ಸಾಲಿನಲ್ಲಿ ಒಂದು ಬದುಕು ಮುಗಿಸಿಬಿಟ್ಟಿದ್ದಾರೆ. ನನಗೆ ಇದು ಸರಿ ಅನ್ನಿಸಲಿಲ್ಲ. ಆಕೆ ಬದುಕಿದ್ದು 90 ವರ್ಷ. ಸಿನಿಮಾ ಬಿಟ್ಟಾಗ ಮೂವತ್ತರ ಆಸುಪಾಸು. ಉಳಿದ ಅರವತ್ತು ವರ್ಷ ಲೆಕ್ಕಕ್ಕೇ ಇಲ್ಲವಾ? ನಿಜಕ್ಕೂ ಏನಾಯ್ತು, ತಿಳಿದವರು ಹೇಳಿ.

ರೀಲು ಡಬ್ಬಿ
ಒಳ್ಳೆ ಪ್ರಶ್ನೆ. ಗೊತ್ತಿರುವಷ್ಟು ಹೇಳುತ್ತೇನೆ.

ಹುಟ್ಟಿದ್ದು 1901ರ ಜನವರಿ 9, ಆಗಿನ ಆಸ್ಟ್ರಿಯಾ-ಹಂಗೇರಿಯಲ್ಲಿ. ಮನೆ ಹೆಸರು ಕೊಂಚಿಚ್. ಬಾಂಕಿ ಅನ್ನುವುದು ಸಿನಿಮಾಕ್ಕೆ ಇಟ್ಟುಕೊಂಡ ಹೆಸರು. ಮೊದಲು ಶೀಘ್ರಲಿಪಿ ಕಲಿತು ಕೆಲಸ ಮಾಡುತ್ತಿದ್ದಳು. 1920ರ ಸುಮಾರಿಗೆ ಸಿನಿಮಾಕ್ಕೆ ಬಂದಳು. ಹಂಗೇರಿ, ಜರ್ಮನಿ, ಆಸ್ಟ್ರಿಯಾ, ಮೂರು ಕಡೆ ನಟಿಸಿದಳು. ಫ್ರಾನ್ಸಿನ ಹೆಸರಾಂತ ಹಾಸ್ಯನಟ ಮ್ಯಾಕ್ಸ್ ಲಿಂಡರ್ ಜೊತೆಯೂ ಒಂದು ಸರ್ಕಸ್ ಸಿನಿಮಾ ಮಾಡಿದ್ದಾಳೆ.

1925ರಲ್ಲಿ ಹಾಲಿವುಡ್ ನಿರ್ಮಾಪಕ ಸ್ಯಾಮ್ಯುಯಲ್ ಗೋಲ್ಡ್‌ವಿನ್ ಬುಡಾಪೆಸ್ಟ್‌ಗೆ ಹೋಗಿದ್ದ. ಇವಳನ್ನು ನೋಡಿದವನೇ ಕರಾರು ಮಾಡಿಕೊಂಡ. ಅದೇ ವರ್ಷ ‘ದಿ ಡಾರ್ಕ್ ಏಂಜೆಲ್’ ಬಂತು. ಒಂದೇ ಸಿನಿಮಾದಲ್ಲಿ ತಾರೆ. ‘ಹಂಗೇರಿಯನ್ ರಾಪ್ಸಡಿ’ (ಒಂದು ಹೆಸರಾಂತ ಸಂಗೀತ ಕೃತಿಯ ಹೆಸರು) ಅಂತ ಬಿರುದು ಬೇರೆ ಅಂಟಿಸಿದರು. ಮರುವರ್ಷ ‘ದಿ ಸನ್ ಆಫ್ ದಿ ಶೇಖ್’. ಅದರಲ್ಲಿ ವ್ಯಾಲೆಂಟಿನೋ ಡಬಲ್ ರೋಲ್, ಅಪ್ಪನೂ ಅವನೇ ಮಗನೂ ಅವನೇ. 1926ರ ಆಗಸ್ಟ್ 23ಕ್ಕೆ ಅವನು ತೀರಿಕೊಂಡ, 31 ವರ್ಷಕ್ಕೇ. ಹಾಗಾಗಿ ಅವನ ಕೊನೆಯ ನಾಯಕಿ ಇವಳೇ.

ಹಳೇ ಮೈಸೂರು
ಕೆಲವು ಕಡೆ 1898 ಅಂತಲೂ ಇದೆ ಹುಟ್ಟಿದ ವರ್ಷ. ಆಗಿನ ನಟಿಯರ ವಯಸ್ಸನ್ನು ನಂಬುವುದು ಕಷ್ಟ.

ದುನಾ ತೀರದಿಂದ
ನಾನು ಬುಡಾಪೆಸ್ಟ್‌ನಲ್ಲಿದ್ದೇನೆ, ನಾಲ್ಕು ವರ್ಷ ಆಯ್ತು. ಎರಡು ಮಾತು.

ಇಲ್ಲಿ ಆಕೆಯನ್ನು ‘ಬಾಂಕಿ ವಿಲ್ಮಾ’ ಅನ್ನುತ್ತಾರೆ. ಮನೆ ಹೆಸರು ಮೊದಲು, ಕರೆಯುವ ಹೆಸರು ಆಮೇಲೆ. ನಮ್ಮಲ್ಲಿ ಊರು, ಅಪ್ಪನ ಹೆಸರು ಮುಂದೆ ಬರುವ ಹಾಗೆ. ಇಲ್ಲಿಗೆ ಬಂದ ಹೊಸದರಲ್ಲಿ ಅರ್ಜಿ ತುಂಬುವಾಗ ನನಗೆ ಮಾತ್ರ ಇದು ವಿಚಿತ್ರ ಅನ್ನಿಸಲಿಲ್ಲ. ಜೊತೆಯಲ್ಲಿದ್ದ ಬೇರೆ ದೇಶದವರೆಲ್ಲ ತಲೆಕೆಳಗಾಗಿ ಬರೆದಿದ್ದರು. ಆಕೆ ಹುಟ್ಟಿದ್ದು ತೊಲ್ನಾ ಜಿಲ್ಲೆಯ ನಾಜ್‌ದೊರೊಗ್ ಅನ್ನುವ ಹಳ್ಳಿಯಲ್ಲಿ.

ಎರಡನೆಯದು ಉಚ್ಚಾರಣೆ. ಹಂಗೇರಿ ಭಾಷೆಯಲ್ಲಿ ಯಾವ ಪದ ಬಂದರೂ ಒತ್ತು ಮೊದಲ ಅಕ್ಷರಕ್ಕೇ. ಇಂಗ್ಲಿಷಿನ ಎರಡು ‘ವ’ಗಳ ವ್ಯತ್ಯಾಸ ಇವರಿಗೆ ಇಲ್ಲ. ‘ದಿಸ್’, ‘ದಟ್’ ಅನ್ನುವಾಗ ನಾಲಿಗೆ ಹಲ್ಲಿನ ನಡುವೆ ಬರುವ ಆ ಸದ್ದು ಇವರಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲೂ ಇಲ್ಲ, ನಾವು ‘ದ’ ಹಾಕಿ ಮುಗಿಸುತ್ತೇವೆ. ಇವರು ಕೆಲವೊಮ್ಮೆ ‘ಜ’ ಥರ ಅನ್ನುತ್ತಾರೆ. ಅದನ್ನು ಕೆಟ್ಟ ಉಚ್ಚಾರಣೆ ಅಂದರೆ ನನಗೆ ಬೇಜಾರಾಗುತ್ತದೆ. ಅದು ಒಂದು ಊರಿನ ದನಿ ಅಷ್ಟೇ.

ಗಾಂಧಿನಗರ 1970
ಊರಿನ ದನಿ ಅನ್ನೋದು ಸರಿ ಸಾರ್. ಆದರೆ ಟಿಕೆಟ್ ತಗೊಂಡವನಿಗೆ ಅರ್ಥ ಆಗಬೇಕಲ್ಲ! ಸುಮ್ನೆ ಕರುಣೆಯಿಂದ ಚರಿತ್ರೆ ಬದಲಾಯಿಸಬೇಡಿ. ‘ದಿಸ್ ಈಸ್ ಹೆವನ್’ 1929ರಲ್ಲಿ ಬಂತು. ಆಕೆಯ ಮಾತು ಮೊದಲು ಕೇಳಿಸಿದ್ದು ಅದರಲ್ಲಿ. ಓಡಲಿಲ್ಲ. ಗೋಲ್ಡ್‌ವಿನ್ ಆಮೇಲೆ ಆಕೆಗೆ ಸಿನಿಮಾ ಮಾಡಲಿಲ್ಲ, ಎಂಜಿಎಂ ಅನ್ನುವ ಇನ್ನೊಂದು ಸ್ಟುಡಿಯೋಗೆ ಎರವಲು ಕೊಟ್ಟ. 1927ರಲ್ಲಿ ಸಿನಿಮಾಕ್ಕೆ ಮಾತು ಬಂತು, 1930ಕ್ಕೆ ಇವಳ ಕಥೆ ಮುಗೀತು. ಇದಕ್ಕಿಂತ ನೇರ ಲೆಕ್ಕ ಬೇಕಾ?

ರೀಲು ಡಬ್ಬಿ
ಲೆಕ್ಕ ನೇರ ಇದೆ, ಆದರೆ ಪೂರ್ತಿ ಇಲ್ಲ. ‘ದಿಸ್ ಈಸ್ ಹೆವನ್’ ಪೂರ್ತಿ ಟಾಕಿ ಅಲ್ಲ. ಮೂಕಿ ಸಿನಿಮಾದ ನಡುವೆ ಅಲ್ಲಲ್ಲಿ ಮಾತಿನ ದೃಶ್ಯ ಸೇರಿಸಿದ್ದು. 1929ರ ಹೊತ್ತಿಗೆ ಜನಕ್ಕೆ ಇಂಥ ಅರೆಬರೆ ಮಾತು ಸಾಕಾಗಿತ್ತು. ಅದರಲ್ಲಿ ಆಕೆಯ ಪಾತ್ರವೇ ಹಂಗೇರಿಯಿಂದ ವಲಸೆ ಬಂದ ಹುಡುಗಿ, ನ್ಯೂಯಾರ್ಕ್‌ನ ಹೋಟೆಲಿನಲ್ಲಿ ದೋಸೆ ಥರದ ಪ್ಯಾನ್‌ಕೇಕ್ ಹುಯ್ಯುವವಳು. ಉಚ್ಚಾರಣೆ ಪಾತ್ರಕ್ಕೆ ಸರಿಯಾಗಿಯೇ ಇತ್ತು.

ಆಮೇಲೆ 1930ರ ‘ಎ ಲೇಡಿ ಟು ಲವ್’ ಪೂರ್ತಿ ಟಾಕಿ. ನಿರ್ದೇಶಕ ಸ್ವೀಡನ್ನಿನ ವಿಕ್ಟರ್ ಶೋಸ್ಟ್ರೋಮ್. ಎದುರಿಗೆ ಎಡ್ವರ್ಡ್ ಜಿ. ರಾಬಿನ್ಸನ್. ಅದರ ಜರ್ಮನ್ ಆವೃತ್ತಿಯಲ್ಲೂ ಇವಳೇ ನಾಯಕಿ. ಎರಡು ಪರಭಾಷೆಯಲ್ಲಿ ಒಂದೇ ಪಾತ್ರ ಮಾಡಿದವಳನ್ನು ಮಾತು ಬಾರದವಳು ಅನ್ನೋದು ಹೇಗೆ?

ಗಾಂಧಿನಗರ 1970
ಜರ್ಮನ್ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ. ಆದರೂ ಅಮೆರಿಕದ ಜನ ಒಪ್ಪಲಿಲ್ಲ ಅನ್ನುವುದು ಉಳಿಯುತ್ತದೆ.

ಕಂಠದಾನಿ
ನಾನು ಹದಿನೈದು ವರ್ಷದಿಂದ ಸಿನಿಮಾಗಳಿಗೆ ದನಿ ಕೊಡುತ್ತಿದ್ದೇನೆ. ಈ ಚರ್ಚೆ ನನ್ನ ಅಡುಗೆಮನೆ ವಿಷಯ, ಅದಕ್ಕೇ ಬರೆಯುತ್ತೇನೆ.

ಪರಊರಿಂದ ನಾಯಕಿ ಬರುತ್ತಾರೆ. ಕನ್ನಡ ಬರುವುದಿಲ್ಲ. ಸಾಲು ಉರು ಹೊಡೆದು ಹೇಳುವವರೂ ಇದ್ದಾರೆ, ಒಂದು ಎರಡು ಮೂರು ಎಣಿಸುವವರೂ ಇದ್ದಾರೆ. ನಾನು ಕತ್ತಲೆ ಕೋಣೆಯಲ್ಲಿ ನಿಂತು ಅವರ ತುಟಿ ನೋಡುತ್ತಾ ಮಾತು ತುಂಬಬೇಕು. ನಮ್ಮ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದಿರುತ್ತದೆ. ಅವರ ತುಟಿ ‘ಮ್’ ಅಂತ ಮುಚ್ಚಿ ನಿಂತಿರುತ್ತದೆ. ‘ಬರ್ತೀನಿ’ ಅನ್ನಬೇಕಾದ ಕಡೆ ‘ಬಾರಮ್ಮ’ ಸೇರಿಸಿಯೋ, ಸಾಲನ್ನೇ ತಿರುಗಿಸಿಯೋ ಹೊಂದಿಸುತ್ತೇವೆ. ಒಂದು ನಿಟ್ಟುಸಿರು ಎಲ್ಲಿ ಬಿಡಬೇಕು ಅಂತ ಅರ್ಧ ಗಂಟೆ ಹಿಡಿದದ್ದೂ ಇದೆ.

ಈಗ ವಿಲ್ಮಾ ವಿಷಯ. ಆಕೆ ಹಾಲಿವುಡ್‌ಗೆ ಬಂದಾಗ ಇಂಗ್ಲಿಷ್ ಬರುತ್ತಿರಲಿಲ್ಲ. ಪ್ರೇಮದ ದೃಶ್ಯದಲ್ಲಿ ‘ಡಾರ್ಕ್ ಏಂಜೆಲ್’ನ ನಾಯಕ ರೊನಾಲ್ಡ್ ಕೋಲ್ಮನ್ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ಇವಳು ಹಂಗೇರಿ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಳು. ಅಂದರೆ ತನ್ನ ಸ್ವಂತ ಭಾಷೆಯಲ್ಲಿ, ತನಗೆ ಅರ್ಥವಾಗುವ ಮಾತನ್ನೇ ಆಡುತ್ತಿದ್ದಳು. ಅದಕ್ಕೇ ಕಣ್ಣು ಸುಳ್ಳು ಹೇಳುವುದಿಲ್ಲ. ಎಣಿಕೆ ಹೇಳುವ ಮುಖ ನಾನು ದಿನಾ ನೋಡುತ್ತೇನೆ. ಕಣ್ಣು ಖಾಲಿ ಇರುತ್ತದೆ, ನನ್ನ ದನಿ ಎಷ್ಟು ತುಂಬಿದರೂ ತುಂಬುವುದಿಲ್ಲ. ವಿಲ್ಮಾ ಕಣ್ಣು ನೋಡಿ. ಕೋಲ್ಮನ್ ಹೇಳಿದ್ದು ಅರ್ಥವಾಗದಿದ್ದರೂ ಕೇಳಿಸಿಕೊಳ್ಳುತ್ತಿದ್ದಾಳೆ.

ಟಾಕಿ ಬಂದಾಗ ಆಕೆ ಕಳಕೊಂಡದ್ದು ಇದನ್ನೇ. ಗೊತ್ತಿರುವ ಭಾಷೆ ಕಿತ್ತುಕೊಂಡು ಕಲಿತ ಭಾಷೆ ಕೈಗೆ ಕೊಟ್ಟರು. ಆಗ ಮೈಕು ಬೇರೆ ಹೂಕುಂಡದಲ್ಲೋ ಮೇಜಿನ ಕೆಳಗೋ ಇರುತ್ತಿತ್ತು. ಅದರ ಹತ್ತಿರ ನಿಂತು ಮಾತಾಡಬೇಕು, ಆಚೀಚೆ ಹೋಗುವ ಹಾಗಿಲ್ಲ. ಕ್ಯಾಮರಾವನ್ನೂ ಸದ್ದು ಬಾರದ ಪೆಟ್ಟಿಗೆಯೊಳಗೆ ಕೂಡಿಹಾಕಿದ್ದರು.

ಶರಾವತಿ ದಂಡೆ
ಕಂಠದಾನಿ, ಇದನ್ನು ಓದಿ ಮತ್ತೆ ಆ ಸಿನಿಮಾ ಹಾಕಿ ನೋಡಿದೆ. ನಿಜ. ತುಟಿ ಬೇರೆ ಏನೋ ಹೇಳುತ್ತಿದೆ, ಹಲಗೆ ಬೇರೆ ಏನೋ ಹೇಳುತ್ತಿದೆ. ಆದರೂ ನಂಬಿಕೆ ಬರುತ್ತದೆ.

ಬಯಲುಸೀಮೆ ಬಸವ
ನಿಮ್ಮಂಥವರ ಹೆಸರು ಟೈಟಲ್‌ನಲ್ಲಿ ಹಾಕುತ್ತಾರಾ ಮೇಡಂ?

ಕಂಠದಾನಿ
ಈಗ ಹಾಕುತ್ತಾರೆ. ಒಂದು ಸಿನಿಮಾದಲ್ಲಿ ಬಿಟ್ಟಿದ್ದರು. ಅಪ್ಪ ಕೊನೆ ತನಕ ಥಿಯೇಟರಿನಲ್ಲೇ ಕೂತು, ಹೆಸರು ಬರದೆ ಎದ್ದು ಬಂದಿದ್ದರು. ಅದು ಈಗಲೂ ನೋಯುತ್ತದೆ. ಇರಲಿ, ಇಲ್ಲಿ ಬೇಡ.

ಹಳೇ ಮೈಸೂರು
ಉಚ್ಚಾರಣೆ ಎಲ್ಲರಿಗೂ ಅಡ್ಡ ಬರಲಿಲ್ಲ ಅನ್ನುವುದನ್ನೂ ಸೇರಿಸಿ. 1930ರಲ್ಲೇ ಅದೇ ಎಂಜಿಎಂ ಗ್ರೇಟಾ ಗಾರ್ಬೋಳ ಮೊದಲ ಟಾಕಿ ತಂತು. ‘ಗಾರ್ಬೋ ಮಾತಾಡುತ್ತಾಳೆ’ ಅನ್ನುವುದೇ ಜಾಹೀರಾತು. ಆಕೆಯೂ ಹೊರಗಿನವಳೇ, ಸ್ವೀಡನ್ನಿಂದ ಬಂದವಳು, ದನಿ ದಪ್ಪ. ಅದೇ ಗೆದ್ದಿತು. ಇನ್ನು ಬೇಲಾ ಲುಗೋಸಿ ಹಂಗೇರಿಯವನೇ. 1931ರ ‘ಡ್ರಾಕುಲಾ’ದಲ್ಲಿ ಅವನ ಹಂಗೇರಿ ಉಚ್ಚಾರಣೆಯೇ ಪ್ರಸಿದ್ಧ ಆಗಿದ್ದು. ಇಷ್ಟಕ್ಕೂ ಗೋಲ್ಡ್‌ವಿನ್ ಹುಟ್ಟಿದ್ದು ವಾರ್ಸಾದಲ್ಲಿ, ಅವನ ಇಂಗ್ಲಿಷ್ ಬಗ್ಗೆ ಊರೆಲ್ಲ ಮಾತಾಡುತ್ತಿತ್ತು.

ಗಾಂಧಿನಗರ 1970
ಹೌದಲ್ವಾ! ಆದರೆ ಗಾರ್ಬೋಗೆ ದುಃಖದ ಪಾತ್ರ, ಲುಗೋಸಿಗೆ ಭೂತದ ಪಾತ್ರ. ವಿಲ್ಮಾ ಅಂದರೆ ಕನಸಿನ ರಾಜಕುಮಾರಿ. ಜನ ಅವಳಿಗೆ ತಮ್ಮ ತಲೆಯಲ್ಲೇ ಒಂದು ದನಿ ಕೊಟ್ಟುಬಿಟ್ಟಿದ್ದರು. ನಿಜವಾದ ದನಿ ಯಾವುದು ಬಂದರೂ ಅದಕ್ಕೆ ಹೊಂದುತ್ತಿರಲಿಲ್ಲ. ಈ ಅರ್ಥದಲ್ಲಿ ನಾನು ಮೊದಲು ಹೇಳಿದ್ದನ್ನು ಸ್ವಲ್ಪ ಬದಲಾಯಿಸುತ್ತೇನೆ.

ತುಂಗೆ
ನಮ್ಮಲ್ಲೂ ಇದೇ ಆಯ್ತು. ಸುಲೋಚನಾ ಅಂತ ಮೂಕಿ ಕಾಲದ ದೊಡ್ಡ ತಾರೆ, ನಿಜವಾದ ಹೆಸರು ರೂಬಿ ಮೈಯರ್ಸ್. ಪುಣೆಯ ಯಹೂದಿ ಕುಟುಂಬ. 1931ರಲ್ಲಿ ನಮ್ಮ ದೇಶದ ಮೊದಲ ಟಾಕಿ ‘ಆಲಂ ಆರಾ’ ಬಂದ ಮೇಲೆ ಆಕೆಗೆ ಹಿಂದೂಸ್ತಾನಿ ಸರಿಯಾಗಿ ಬಾರದೆ ಹಿಂದೆ ಸರಿದಳು. ಭಾಷೆ ಕಲಿತು, ತನ್ನ ಹಳೇ ಮೂಕಿ ಸಿನಿಮಾಗಳನ್ನೇ ಟಾಕಿ ಮಾಡಿ ಮತ್ತೆ ಬಂದಳು. 1973ರ ಫಾಲ್ಕೆ ಪ್ರಶಸ್ತಿ ಆಕೆಗೆ ಸಿಕ್ಕಿತು.

ಕನ್ನಡದಲ್ಲಿ ಈ ತೊಂದರೆ ಬರಲಿಲ್ಲ. ನಮ್ಮ ಮೊದಲ ಟಾಕಿ, 1934ರ ‘ಸತಿ ಸುಲೋಚನಾ’ಕ್ಕೆ ನಾಟಕ ಕಂಪನಿಯವರೇ ಬಂದರು. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ. ಕೊನೇ ಬೆಂಚಿಗೆ ಕೇಳುವ ಹಾಗೆ ಹಾಡಿ ಮಾತಾಡಿ ಪಳಗಿದ ಗಂಟಲು. ಅವರಿಗೆ ಮೈಕು ಹೊಸದು, ಮಾತು ಹೊಸದಲ್ಲ.

ಬಯಲುಸೀಮೆ ಬಸವ
ನಮ್ಮಜ್ಜ ಟೂರಿಂಗ್ ಟಾಕೀಸಿನಲ್ಲಿ ಮರಳ ಗುಡ್ಡೆ ಮೇಲೆ ಕೂತು ನೋಡಿದ್ದನ್ನು ಹೇಳುತ್ತಿದ್ದರು. ಗುಡ್ಡೆ ಎತ್ತರ ಮಾಡಿಕೊಂಡವನಿಗೆ ಹಿಂದಿನವರ ಬೈಗುಳ ಗ್ಯಾರಂಟಿ.

ದುನಾ ತೀರದಿಂದ
ವಿಷಯಕ್ಕೆ ಬರೋಣ. ಆಕೆ ಹಂಗೇರಿ ಬಿಟ್ಟದ್ದು ಯಾಕೆ ಅನ್ನುವುದೂ ಮುಖ್ಯ.

1919ರಲ್ಲಿ ಇಲ್ಲಿ ಕಮ್ಯುನಿಸ್ಟ್ ನಾಯಕ ಬೇಲಾ ಕುನ್‌ನ ಸೋವಿಯತ್ ಸರ್ಕಾರ ಬಂತು. ಸಿನಿಮಾ ಉದ್ಯಮವನ್ನೇ ಸರ್ಕಾರಕ್ಕೆ ತೆಗೆದುಕೊಂಡಿತು. ನಾಲ್ಕು ತಿಂಗಳಲ್ಲಿ ಆ ಸರ್ಕಾರ ಬಿತ್ತು. ಆಮೇಲೆ ಬಂದವರು ಸೇಡು ತೀರಿಸಿಕೊಂಡರು. ನಿರ್ದೇಶಕ ಅಲೆಕ್ಸಾಂಡರ್ ಕೋರ್ಡಾನನ್ನು ಬಂಧಿಸಿದರು, ಬಿಡಿಸಿಕೊಂಡು ವಿಯೆನ್ನಾಕ್ಕೆ ಓಡಿದ. ಮುಂದೆ ‘ಕಾಸಾಬ್ಲಾಂಕಾ’ ಮಾಡಿದ ಮೈಕಲ್ ಕರ್ಟಿಜ್ ಕೂಡ ಆಗಲೇ ಹೋದದ್ದು. ಮೊದಲ ಮಹಾಯುದ್ಧದಲ್ಲಿ ಸೋತದ್ದಕ್ಕೆ ಆದ 1920ರ ಟ್ರಿಯಾನನ್ ಒಪ್ಪಂದದಲ್ಲಿ ದೇಶದ ಮೂರನೇ ಎರಡು ಭಾಗ ನೆಲವೇ ಹೋಯಿತು. ಊರುಗಳು ಹೋದ ಮೇಲೆ ಚಿತ್ರಮಂದಿರಗಳೂ ಗಡಿ ಆಚೆ ಹೋದವು. ಸಿನಿಮಾದವರು ಉಳಿಯುವುದಾದರೂ ಹೇಗೆ?

ಹೋದ ನಟಿಯರು ವಿಲ್ಮಾ ಒಬ್ಬಳೇ ಅಲ್ಲ. ಕೋರ್ಡಾನ ಹೆಂಡತಿ ಮಾರಿಯಾ ಕೋರ್ಡಾ, ಕರ್ಟಿಜ್‌ನ ಹೆಂಡತಿ ಲೂಸಿ ಡೊರೇನ್. ಲ್ಯಾ ಡಿ ಪುಟ್ಟಿ ಅಂತ ಇನ್ನೊಬ್ಬಳು, ಬರ್ಲಿನ್ನಿನಲ್ಲಿ ‘ವೆರೈಟಿ’ ಮಾಡಿ ಯುರೋಪನ್ನೇ ಮರುಳು ಮಾಡಿದವಳು. ಆಕೆ 1931ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡಳು. ಗಂಟಲಲ್ಲಿ ಕೋಳಿ ಮೂಳೆ ಸಿಕ್ಕಿ, ಆಪರೇಷನ್ ಆಗಿ, ಆಮೇಲೆ ಚೇತರಿಸಲೇ ಇಲ್ಲ. ಇವರೆಲ್ಲರ ಪೈಕಿ ನೆಮ್ಮದಿಯಾಗಿ ಬಾಳಿದವಳು ಯಾರು ಅಂದರೆ ನಾನು ವಿಲ್ಮಾ ಅನ್ನುತ್ತೇನೆ.

ಮಲ್ಲಿಗೆ ಮಾಲೆ
ಮದುವೆ ಬಗ್ಗೆ ಯಾರೂ ಹೇಳಲೇ ಇಲ್ಲ! 1927ರ ಜೂನ್ 26, ಬೆವರ್ಲಿ ಹಿಲ್ಸ್. ಗಂಡು ನಟ ರಾಡ್ ಲಾ ರಾಕ್. ಖರ್ಚು, ಏರ್ಪಾಡು ಎಲ್ಲ ಗೋಲ್ಡ್‌ವಿನ್‌ದು. ಗಂಡಿನ ಪಕ್ಕ ನಿಂತವರು ನಿರ್ದೇಶಕ ಸೆಸಿಲ್ ಬಿ. ಡಿಮಿಲ್. ಊಟದ ಮೇಜಿನಲ್ಲಿದ್ದ ಕೋಳಿಗಳು ಸ್ಟುಡಿಯೋದಿಂದ ತಂದ ಕಾಗದದ ಕೋಳಿಗಳು ಅಂತ ಕಥೆ ಇದೆ.

ಹಳೇ ಮೈಸೂರು
ಕಾಗದದ ಕೋಳಿ ಕಥೆ ಎಲ್ಲರೂ ಹೇಳುತ್ತಾರೆ. ನಂಬಬೇಡಿ. ಹಾಲಿವುಡ್ಡಿನ ಪ್ರಚಾರದವರು ಕಥೆ ಕಟ್ಟಿಯೇ ಸಂಬಳ ತಗೊಳ್ಳುತ್ತಿದ್ದರು.

ಮಲ್ಲಿಗೆ ಮಾಲೆ
ಸರಿ, ಕೋಳಿ ಬಿಡೋಣ. ಆದರೆ ಪ್ರಚಾರಕ್ಕೆ ಮಾಡಿದ ಆ ಮದುವೆ 42 ವರ್ಷ ನಿಂತಿತು. 1969ರಲ್ಲಿ ಗಂಡ ಹೋಗುವ ತನಕ. ಇದನ್ನು ಯಾರೂ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ ಯಾಕೆ?

ರೀಲು ಡಬ್ಬಿ
ಅಲ್ಲೇ ಉತ್ತರ ಇದೆ ನೋಡಿ. ಎಂಜಿಎಂ ಸಿನಿಮಾ ಆದ ಮೇಲೆ 1930-31ರಲ್ಲಿ ಗಂಡನ ಜೊತೆ ನಾಟಕ ತಂಡ ಕಟ್ಟಿಕೊಂಡು ಊರೂರು ತಿರುಗಿದಳು. ನಾಟಕ! ಅಲ್ಲಿ ಹಲಗೆಯೂ ಇಲ್ಲ, ಎರಡನೇ ಟೇಕೂ ಇಲ್ಲ. ದನಿಗೆ ಹೆದರಿದವಳು ರಂಗದ ಮೇಲೆ ಹೋಗುತ್ತಾಳಾ? ಆಮೇಲೆ ಯುರೋಪಿಗೆ ಹೋಗಿ ಆಲ್ಪ್ಸ್ ಬೆಟ್ಟದಲ್ಲಿ ನಟ ಲೂಯಿಸ್ ಟ್ರೆಂಕರ್ ಜೊತೆ ‘ದಿ ರೆಬೆಲ್’ ಮಾಡಿದಳು. ಆ ಕಥೆಯನ್ನು ಜರ್ಮನ್‌ನಲ್ಲಿ ಮಾಡಿದಾಗ ನಾಯಕಿ ಬೇರೆ, ಇಂಗ್ಲಿಷಿನಲ್ಲಿ ಮಾಡಿದಾಗ ವಿಲ್ಮಾ. ಆಕೆಯ ಕೊನೆಯ ಸಿನಿಮಾ ಇಂಗ್ಲಿಷ್ ಟಾಕಿ! ಇದೊಂದೇ ಸಾಕು, ಆ ಎರಡು ಸಾಲಿನ ಕಥೆ ತಪ್ಪು ಅನ್ನುವುದಕ್ಕೆ.

ಅಲ್ಲಿಗೆ ನಿಲ್ಲಿಸಿದಳು. ಗಂಡ ಹೆಂಡತಿ ಇಬ್ಬರೂ ಮನೆ, ನಿವೇಶನ ಕೊಡಿಸುವ ವ್ಯವಹಾರ ಮಾಡಿದರು. ಗಾಲ್ಫ್ ಅಂದರೆ ಆಕೆಗೆ ಪ್ರಾಣ. ಗಂಡ ಹೋದ ಮೇಲೆ ಓದಿಗೆ ಅಂತ ಇಬ್ಬರ ಹೆಸರಲ್ಲಿ ಒಂದು ಪ್ರತಿಷ್ಠಾನವನ್ನೂ ಮಾಡಿದಳು.

ಗಾಂಧಿನಗರ 1970
ನಾಟಕದ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸೋತೆ.

ತುಂಗೆ
ಆದರೆ ಕೊನೆ ಚೆನ್ನಾಗಿರಲಿಲ್ಲ ಅಲ್ವಾ? ಓದಿದ ನೆನಪು.

ಹಳೇ ಮೈಸೂರು
ಹೌದು. 1991ರ ಮಾರ್ಚ್ 18ಕ್ಕೆ ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡಳು. ಆದರೆ ಪತ್ರಿಕೆಗಳಿಗೆ ಗೊತ್ತಾಗಿದ್ದು 1992ರ ಕೊನೆಗೆ. ಕಡೇ ವರ್ಷಗಳಲ್ಲಿ ನೋಡಲು ಯಾರೂ ಬರಲಿಲ್ಲ ಅಂತ ಆಕೆಗೆ ತುಂಬಾ ನೋವಾಗಿತ್ತು. ತನ್ನ ಸಾವಿನ ಸುದ್ದಿ ಯಾರಿಗೂ ಹೇಳಬೇಡಿ ಅಂತ ವಕೀಲರಿಗೆ ತಾನೇ ಹೇಳಿಟ್ಟಿದ್ದಳು. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು, ಗಂಡನ ಬೂದಿ ಬಿಟ್ಟ ಹಾಗೆಯೇ.

ಮಲ್ಲಿಗೆ ಮಾಲೆ
ಅಯ್ಯೋ. ಒಂದೂವರೆ ವರ್ಷಕ್ಕೂ ಹೆಚ್ಚು ಯಾರೂ ಕೇಳಲೇ ಇಲ್ಲ.

ಕಂಠದಾನಿ
ನನಗೆ ಇದು ಟಾಕಿಯ ಕಥೆಗಿಂತ ಜಾಸ್ತಿ ತಟ್ಟಿತು.

ಶರಾವತಿ ದಂಡೆ
ಆಕೆಯ ಸಿನಿಮಾಗಳು ಎಲ್ಲ ಸಿಗುತ್ತವಾ? ಕೋಲ್ಮನ್ ಜೊತೆಯವು ನೋಡಬೇಕು.

ರೀಲು ಡಬ್ಬಿ
ಕೋಲ್ಮನ್ ಜೊತೆ ಐದು ಮಾಡಿದ್ದಾಳೆ. ಆದರೆ ಮೊದಲನೆಯದು, ಆಕೆಯನ್ನು ತಾರೆ ಮಾಡಿದ ‘ಡಾರ್ಕ್ ಏಂಜೆಲ್’, ಕಳೆದೇ ಹೋಗಿದೆ. ಯುದ್ಧದಲ್ಲಿ ಕಣ್ಣು ಕಳಕೊಂಡ ಪ್ರಿಯಕರ, ಅವಳ ಬದುಕು ಹಾಳಾಗಬಾರದು ಅಂತ ಕುರುಡುತನವನ್ನು ಅವಳಿಂದಲೇ ಮುಚ್ಚಿಡುವ ಕಥೆ. ಇಂಥ ದೃಶ್ಯದಲ್ಲಿ ಅವಳ ಮುಖ ಹೇಗಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ‘ದಿ ಅವೇಕನಿಂಗ್’ ಕೂಡ ಇಲ್ಲ. ‘ಮ್ಯಾಜಿಕ್ ಫ್ಲೇಮ್’ ಅರ್ಧಂಬರ್ಧ.

ಆಗಿನ ರೀಲು ನೈಟ್ರೇಟಿನದು. ಬೇಗ ಬೆಂಕಿ ಹಿಡಿಯುತ್ತದೆ, ಇಟ್ಟಲ್ಲೇ ಕೊಳೆತು ಅಂಟಾಗುತ್ತದೆ. ಟಾಕಿ ಬಂದ ಮೇಲೆ ಮೂಕಿ ರೀಲು ಯಾರಿಗೂ ಬೇಡವಾಯಿತು. ಅಮೆರಿಕದಲ್ಲಿ ಸುಮಾರು 11,000 ಮೂಕಿ ಕಥಾಚಿತ್ರ ಬಂದವು. ಮೂಲ ರೂಪದಲ್ಲಿ ಪೂರ್ತಿ ಉಳಿದಿರುವುದು ಶೇ. 14 ಅಂತ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ದೇಶದ ಕಥೆ ಇನ್ನೂ ಕೆಟ್ಟದು. 1931ರಲ್ಲಿ ಬಂದ ‘ವಸಂತಸೇನಾ’, ಕೈಲಾಸಂ ಮತ್ತು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ ಮೂಕಿ. ಅದರ ಬಗ್ಗೆ ಓದಬಹುದು ಅಷ್ಟೇ.

ತುಂಗೆ
ಕೈಲಾಸಂ ತೆರೆ ಮೇಲೆ! ಅದನ್ನು ನೋಡುವಂತಿದ್ದರೆ ಏನು ಬೇಕಾದರೂ ಕೊಡುತ್ತಿದ್ದೆ.

ರೀಲು ಡಬ್ಬಿ
ಸಿಗುವುದರಲ್ಲಿ ‘ದಿ ವಿನ್ನಿಂಗ್ ಆಫ್ ಬಾರ್ಬರಾ ವರ್ತ್’ ನೋಡಿ, 1926. ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಊರನ್ನೇ ಕಟ್ಟಿ ತೆಗೆದದ್ದು. ಕೊಲರಾಡೋ ನದಿ ಕಟ್ಟೆ ಒಡೆದು ನುಗ್ಗುವ ದೃಶ್ಯ ಇದೆ. ಮುಂದೆ ದೊಡ್ಡ ತಾರೆಯಾದ ನಟ ಗ್ಯಾರಿ ಕೂಪರ್‌ಗೆ ಮೊದಲು ಹೆಸರು ತಂದದ್ದೂ ಇದೇ. ಒಂದು ಕಿವಿಮಾತು. ಕೆಲವರು ಏರಿಸಿದ ಪ್ರತಿಗಳು ತುಂಬಾ ವೇಗವಾಗಿ ಓಡುತ್ತವೆ, ಎಲ್ಲರೂ ಇರುವೆ ಥರ ಓಡಾಡುತ್ತಾರೆ. ಅಂಥದ್ದು ಸಿಕ್ಕರೆ ವೇಗ ಮುಕ್ಕಾಲಿಗೆ ಇಳಿಸಿ. ಆಗ ಮನುಷ್ಯರಾಗುತ್ತಾರೆ.

ಶರಾವತಿ ದಂಡೆ
‘ಈಗಲ್’ನಲ್ಲಿ ಊಟದ ಮೇಜಿನ ದೃಶ್ಯ ಯಾರಾದರೂ ಗಮನಿಸಿದಿರಾ? ಉದ್ದದ ಮೇಜು. ಕ್ಯಾಮರಾ ತಟ್ಟೆ, ದೀಪ, ಹಣ್ಣುಗಳ ಮೇಲಿಂದಲೇ ತೇಲಿ ಬರುತ್ತದೆ. ಅಮ್ಮ ಕಾಲು ಮೇಲೆತ್ತಿಕೊಂಡು ಕೂತರು, ತಾವೇ ಮೇಜಿನ ಮೇಲಿದ್ದ ಹಾಗೆ. ಇದನ್ನು 1925ರಲ್ಲಿ ಹೇಗೆ ಮಾಡಿದರು?

ರೀಲು ಡಬ್ಬಿ
ಮೇಜಿನ ಎರಡೂ ಪಕ್ಕ ಗಾಡಿ ಇಟ್ಟು, ಮೇಲೆ ಸೇತುವೆ ಥರ ಅಡ್ಡ ಕಟ್ಟಿ, ಅದಕ್ಕೆ ಕ್ಯಾಮರಾ ಇಳಿಬಿಟ್ಟರು. ಗಾಡಿ ಎಳೆದ ಹಾಗೆ ಕ್ಯಾಮರಾ ಬರುತ್ತದೆ. ನಿರ್ದೇಶಕ ಕ್ಲಾರೆನ್ಸ್ ಬ್ರೌನ್ ಮೊದಲು ಎಂಜಿನಿಯರಿಂಗ್ ಓದಿದವನು.

ಬಯಲುಸೀಮೆ ಬಸವ
ಶನಿವಾರ ರಾತ್ರಿ ಎಲ್ಲರೂ ಒಟ್ಟಿಗೆ ‘ಬಾರ್ಬರಾ ವರ್ತ್’ ನೋಡೋಣವಾ? ಅವರವರ ಮನೆಯಲ್ಲೇ, ಒಂಬತ್ತಕ್ಕೆ ಒಟ್ಟಿಗೆ ಹಾಕೋದು. ಇಲ್ಲಿ ಮಾತಾಡ್ತಾ ನೋಡೋದು.

ದುನಾ ತೀರದಿಂದ
ನನಗೆ ಆಗ ಸಂಜೆ. ಬರುತ್ತೇನೆ.

ಗಾಂಧಿನಗರ 1970
ನಾನೂ ಇದ್ದೇನೆ.

ಕಂಠದಾನಿ
ಶರಾವತಿ, ನಿಮ್ಮ ಅಮ್ಮ ಒಪ್ಪಿದರೆ ಫೋನಿನಲ್ಲಿ ನಾನು ಹಲಗೆಗಳನ್ನು ಕನ್ನಡದಲ್ಲಿ ಓದುತ್ತೇನೆ. ವಿಲ್ಮಾಗೆ ದನಿ ಕೊಡುವ ಅವಕಾಶ ಇನ್ನೆಲ್ಲಿ ಸಿಗುತ್ತದೆ ನನಗೆ.

ಶರಾವತಿ ದಂಡೆ
ಅಮ್ಮನಿಗೆ ಹೇಳಿದೆ. ಓದುವುದು ಬೇಡವಂತೆ. “ಆ ಹುಡುಗಿಗೆ ಹಾಡು ಬರತ್ತಾ ಕೇಳು” ಅಂದರು. ಆಗ ಥಿಯೇಟರಿನಲ್ಲಿ ಹಾರ್ಮೋನಿಯಂ, ತಬಲಾ ಇರುತ್ತಿತ್ತಂತೆ, ಅವರಮ್ಮ ಹೇಳಿದ್ದು. ನದಿ ಉಕ್ಕುವ ಕಡೆ ನೀವು ಏನಾದರೂ ಹಾಡುತ್ತೀರಾ?

ಕಂಠದಾನಿ
ಬರುತ್ತೆ ಅಂತ ಹೇಳಿ. ಶ್ರುತಿಪೆಟ್ಟಿಗೆ ತೆಗೆದಿಡುತ್ತೇನೆ.